ಕಿರುಚುವ ಗಿಟಾರು ಹೊತ್ತು ಭಾಲ್ಕಿಗೆ

ಎಕಂಬಾದಿಂದ ಮುಂಜಾನೆಯ ಮೊದಲ ಬಸ್ಸು ಹಿಡಿದೆವು. ನಾನು, ಮೊಮ್ಮಗಳು ರೂತ್, ಕೌದಿಯಲ್ಲಿ ಸುತ್ತಿದ ಚರ್ಚಿನ ಕರೆಂಟ್ ಗಿಟಾರು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಗಿಟಾರು ಮಾತ್ರ ಕಂಡಕ್ಟರನ ಕಣ್ಣಿಗೆ ಬಿತ್ತು.

"ಅಮ್ಮಾ, ಅದು ಮ್ಯಾಲ ಇಡ್ರಿ."

"ಅದನ್ ಮ್ಯಾಲ ಇಟ್ರ ನಾನೂ ಮ್ಯಾಲೇ ಕೂಡ್ತೇನಿ."

ಅವನು ನಕ್ಕು ಮುಂದೆ ಹೋದ. ನನಗೆ ನಗು ಬರಲಿಲ್ಲ. ರಸ್ತೆಯ ಪ್ರತಿ ಗುಂಡಿಗೂ ಗಿಟಾರನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ.

ಕಾರಣವಿತ್ತು. ನಮ್ಮ ಚರ್ಚಿನಲ್ಲಿ ಅರ್ಧ ಜನಕ್ಕೆ ಹಾಡಿನ ಪುಸ್ತಕ ಓದಲು ಬಾರದು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಅದಕ್ಕೆ ಹಿರಿಯರಾದ ದಾನಿಯೇಲಪ್ಪ ಒಂದೊಂದೇ ಸಾಲು ಹೇಳಿಕೊಡುತ್ತಾರೆ, ನಾವು ಅದನ್ನು ಹಾಡುತ್ತೇವೆ. ಅವರು ಹೇಳುವಾಗ ರೂತ್ ಬಾರಿಸುವ ಗಿಟಾರು ತಗ್ಗಬೇಕು, ನಾವು ಹಾಡುವಾಗ ಏರಬೇಕು. ಸುಗ್ಗಿ ಹಬ್ಬದ ದಿನ ಅದು ಎರಡನೇ ಸಾಲಿಗೇ ಕಿರುಚಿತು. ದಾನಿಯೇಲಪ್ಪ ಪುಸ್ತಕ ಮುಚ್ಚಿ ನಿಂತುಬಿಟ್ಟರು. ಹಾಡು ಅಲ್ಲೇ ಸತ್ತಿತು. ನಾವು ಹೊರಟ ದಿನವೇ ಸಂಜೆ ಭಾಲ್ಕಿಯಲ್ಲಿ ಸುತ್ತಲಿನ ಚರ್ಚುಗಳ ಕೂಟವಿತ್ತು. ಅಲ್ಲಿಯೂ ಪುಸ್ತಕ ಮುಚ್ಚುವಂತಾದರೆ ರೂತ್ ಇನ್ನು ಗಿಟಾರು ಮುಟ್ಟುವಂತಿಲ್ಲ ಎಂದಿದ್ದರು.

ಔರಾದದಲ್ಲಿ ಬಸ್ಸು ಬದಲಿಸಿದೆವು. ಗಿಟಾರು ರಿಪೇರಿಗೆ ಮೊದಲು ಬೀದರಕ್ಕೆ ಹೋಗಬೇಕು, ಅಲ್ಲಿಗೆ ಸುಮಾರು ನಲವತ್ತು ಕಿಲೋಮೀಟರು. ಕಿಟಕಿಯ ಗಾಜು ಮುಚ್ಚಲಿಲ್ಲ, ಚಳಿ ಎಲುಬಿಗೆ ಹತ್ತಿತು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು. ರೂತ್ ತಿಂದಳು, ನಾನು ನನ್ನ ಪಾಲು ಮತ್ತೆ ಕಟ್ಟಿಟ್ಟೆ.

ಬೀದರದ ಹಳೇ ಊರಿನಲ್ಲಿ ಖಾಜಾ ಎಂಬಾತ ಬ್ಯಾಂಡಿನವರ ವಾದ್ಯ ರಿಪೇರಿ ಮಾಡುತ್ತಾನೆ. ತಂತಿಗಳ ಕೆಳಗಿದ್ದ ಸಾಬೂನಿನಂಥ ಡಬ್ಬಿ ಬಿಚ್ಚಿದ. ಅದೇ ಪಿಕಪ್ಪಂತೆ, ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕೊಡುವುದು. ಒಳಗೆ ಸಣ್ಣ ತಂತಿಯ ಜೋಡಿ ಸುರುಳಿ ಇದ್ದರೆ ಅದಕ್ಕೆ ಹಂಬಕರ್ ಎನ್ನುತ್ತಾರಂತೆ. ಗುಂಯ್ ಸದ್ದು ಬರುವುದಿಲ್ಲ.

"ಸುರುಳಿ ಸಡ್ಲ ಆಗ್ಯಾವರಿ ಅಮ್ಮಾ, ಅದಕ್ಕ ಕಿರಚ್ತದ. ನನ್ನ ಹತ್ರ ಎರಡು ಹಂಬಕರ್ ಅದಾವ. ಕೇಳಿ ನೋಡ್ರಿ."

ಮೊದಲನೆಯದು ಗಟ್ಟಿ ಅಯಸ್ಕಾಂತದ್ದು. ದನಿ ದಪ್ಪ, ಎದೆಗೆ ಗುದ್ದಿದಂತೆ. ರೂತಳ ಮುಖ ಅರಳಿತು.

"ಆಯಿ, ಇದೇ ಇರ್ಲಿ!"

"ಸುಮ್ನಿರು. ತಗ್ಗಿಸಿ ಬಾರ್ಸು, ನಾ ಸಾಲು ಹೇಳ್ತೇನಿ."

ತಗ್ಗಿಸಿದಾಗ ಕಂಬಳಿ ಹೊದ್ದು ಮಾತಾಡಿದಂತಾಯಿತು. ನನ್ನ ಮಾತೂ ಅದರಲ್ಲಿ ಮುಳುಗಿತು. ಎರಡನೆಯದು ಅಷ್ಟು ಜೋರಿಲ್ಲ. ಆದರೆ ತಗ್ಗಿಸಿದಾಗ ಒಂದೊಂದು ತಂತಿ ಬೇರೆ ಬೇರೆ ಕೇಳಿತು, ಏರಿಸಿದರೆ ತುಂಬಿಕೊಂಡಿತು. ಗಿಟಾರಿನ ಮೇಲಿನ ಗುಂಡಿ ಎಳೆದರೆ ಒಂದೇ ಸುರುಳಿ ನುಡಿದು ದನಿ ತೆಳ್ಳಗಾಗುತ್ತಿತ್ತು, ಗುಂಯ್ ಮಾತ್ರ ಮರಳಿ ಬರುತ್ತಿತ್ತು.

"ಇದನ್ನೇ ಹಚ್ಚಪ್ಪ," ಎಂದೆ. "ಅದು ಬ್ಯಾಂಡಿನವರಿಗೆ ಇರ್ಲಿ."

ರೂತ್ ಮುಖ ಊದಿಸಿಕೊಂಡಳು. ಖಾಜಾ ಕಾದ ಕಡ್ಡಿಯಿಂದ ಬೆಸುಗೆ ಹಾಕಿದ.

"ಭಾಲ್ಕ್ಯಾಗ ಕಿರಚಂಗಿಲ್ಲ ಹೌದಲ್ಲ?"

"ನನ್ನ ಸ್ಪೀಕರ್ ಸಣ್ದರಿ ಅಮ್ಮಾ. ಅಲ್ಲಿ ದೊಡ್ಡ ಸ್ಪೀಕರ್ ಮುಂದ ಏನಾಗ್ತದ, ನಾ ಹ್ಯಾಂಗ ಹೇಳ್ಲಿ?"

ಆ ಮಾತು ಭಾಲ್ಕಿಯ ತನಕ ನನ್ನ ಜೊತೆ ಬಸ್ಸಿನಲ್ಲಿ ಕೂತಿತು.

ಹೊತ್ತು ಇಳಿಯುವಾಗ ಕೂಟ ಶುರುವಾಯಿತು. ಸ್ಪೀಕರು ನನ್ನೆತ್ತರ ಇತ್ತು, ಹೆಂಗಸರ ಸಾಲಿನ ಪಕ್ಕದಲ್ಲೇ. ದಾನಿಯೇಲಪ್ಪ ಮೊದಲ ಸಾಲು ಹೇಳಿದರು. ಗಿಟಾರು ತಗ್ಗಿತು, ಮಾತು ಕೇಳಿತು. ನಾವು ಹಾಡಿದೆವು, ಗಿಟಾರು ಏರಿತು. ಹಾಡುತ್ತಲೇ ನಾನು ದಾನಿಯೇಲಪ್ಪನವರ ಕೈ ಮಾತ್ರ ನೋಡುತ್ತಿದ್ದೆ. ಎರಡನೇ ಸಾಲೂ ಆಯಿತು. ಅವರು ತಲೆ ಎತ್ತಿ ರೂತಳ ಕಡೆ ನೋಡಿದರು. ಹೆಬ್ಬೆರಳು ಪುಸ್ತಕದ ಅಂಚಿಗೆ ಹೋಯಿತು. ನಾನು ಪಕ್ಕದವಳ ಕೈ ಹಿಡಿದೆ.

ಅವರು ಹಾಳೆ ತಿರುಗಿಸಿ ಮೂರನೇ ಸಾಲು ಹೇಳಿದರು.

ಕೂಟ ಮುಗಿದ ಮೇಲೆ ರೂತ್ ಕೌದಿ ಸುತ್ತುತ್ತಿದ್ದಳು. ದಾನಿಯೇಲಪ್ಪ ಹತ್ತಿರ ಬಂದರು.

"ಐತಾರ ಜಲ್ದಿ ಬಾ ಖೋಡಿ. ಎರಡು ಹಾಡು ಜಾಸ್ತಿ ಅದಾವ."

ಅಕ್ಕರೆಯಿಂದ ಹಾಗೆ ಬೈದು, ಅಷ್ಟೇ ಹೇಳಿ ಹೋದರು. ಬಸ್ಸಿನಲ್ಲಿ ರೂತ್ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಾನು ಗಿಟಾರು ತಬ್ಬಿಕೊಂಡು ಎಚ್ಚರ ಕೂತೆ. ಭಾನುವಾರಕ್ಕೆ ಇನ್ನೂ ಎರಡು ಹಾಡು. ರಸ್ತೆಯ ಮೊದಲ ಗುಂಡಿಗೇ ಕೌದಿಯನ್ನು ಮತ್ತೆ ಬಿಗಿಯಾಗಿ ಹಿಡಿದೆ.