ಅಲಾರಂ ಪುಟದಲ್ಲಿ ಅಕ್ಕನ ನಂಬರ್

ಪೀಣ್ಯದ ನಮ್ಮ ಶೆಡ್‌ನಲ್ಲಿ ಆ ಪುಟ್ಟ ಬಿಳಿ ಸೆನ್ಸರನ್ನು ಕೂರಿಸಿದ ದಿನ ನಾನು ಮಾಡಿದ ಗಲಾಟೆ ಅಷ್ಟಿಷ್ಟಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ತಂತಿ ಇಲ್ಲ, ಏನಿಲ್ಲ. ಐಸ್‌ಕ್ರೀಮ್ ಇಡುವ ಕೋಲ್ಡ್ ರೂಮಿನ ಗೋಡೆಗೆ ಅಂಟಿಸಿ, ಹೊರಗೆ ಬಂದು ಫೋನ್ ತೆರೆದರೆ, ಒಳಗಿನ ಚಳಿ ಎಷ್ಟೆಂದು ಅಂಕಿ ಬಂದೇಬಿಟ್ಟಿತು! "ಅಕ್ಕಾ, ಬಾರೇ ಇಲ್ಲಿ, ನೋಡೇ!" ಎಂದು ಕೂಗಿದೆ. ಸೀತಾಫಲದ ಬೀಜ ಬಿಡಿಸುತ್ತಿದ್ದ ಅಕ್ಕ ಅಂಟು ಕೈಯಲ್ಲೇ ಬಂದು ನೋಡಿ, "ಬಾಗ್ಲು ತೆಗೆದ್ರೆ ನಂಗೂ ಗೊತ್ತಾಗುತ್ತೆ ಚಳಿ ಇದೆ ಅಂತ," ಎಂದು ತಿರುಗಿ ಹೋದಳು.

ಐಸ್‌ಕ್ರೀಮ್ ಮಾಡುವ ಕೈ ಅಕ್ಕನದು. ಆರ್ಡರು, ಡೆಲಿವರಿ, ಫೋನಿನಲ್ಲಿ ಬಾಯಿ ಮಾಡುವುದು ನನ್ನದು. ಅದರ ಹಿಂದಿನ ಬೇಸಿಗೆಯಲ್ಲಿ ಕಂಪ್ರೆಸರ್ ನಮಗೆ ಗೊತ್ತಾಗದೆ ನಿಂತುಹೋಗಿ, ಮದುವೆ ಮನೆಗೆ ಹೋಗಬೇಕಿದ್ದದ್ದೆಲ್ಲ ಪಾಯಸವಾಗಿತ್ತು. ಅಂದಿನಿಂದ ಅಕ್ಕನ ನಿದ್ದೆ ಹಾರಿಹೋಯಿತು. ಮಲಗಿದವಳು ಎದ್ದು ಕೂರುವುದು, ಜಾಲಹಳ್ಳಿಯ ಮನೆಯಿಂದ ಸ್ಕೂಟರ್ ತೆಗೆದು ಪೀಣ್ಯಕ್ಕೆ ಹೋಗುವುದು, ಶೆಟರಿಗೆ ಕಿವಿ ಇಟ್ಟು ಮೋಟಾರಿನ ಸದ್ದು ಕೇಳಿ ವಾಪಸ್ ಬರುವುದು. ಕಣ್ಣು ಗುಳಿ ಬಿದ್ದವು. "ಇನ್ನೊಂದ್ಸಲ ಹಿಂಗಾದ್ರೆ ಶೆಡ್ಡಿಗೆ ಬೀಗ ಹಾಕ್ತೀನಿ ಕಣೇ. ನನ್ ಕೈಲಾಗಲ್ಲ," ಎಂದಿದ್ದಳು. ಅಕ್ಕ ಸುಮ್ಮನೆ ಮಾತಾಡುವವಳಲ್ಲ. ಅದಕ್ಕೇ ನಾನು ಹಟ ಹಿಡಿದು, ವರ್ಷದ ಚಂದಾ ಕಟ್ಟಿ, ದೂರದಿಂದಲೇ ಕಾವಲು ಕಾಯುವ ಈ ಸಾಫ್ಟ್‌ವೇರ್ ತಂದಿದ್ದೆ. "ಪೇಪರ್‌ನವನಿಗೆ, ಕೇಬಲ್‌ನವನಿಗೆ ಕಟ್ಟೋದು ಸಾಲ್ದು ಅಂತ ಇದಕ್ಕೂ ಚಂದಾನಾ?" ಎಂದು ಅವಳು ಗೊಣಗಿದ್ದಳು.

ಆಹಾ, ಸೆಟ್ಟಿಂಗ್ಸ್ ಮಾಡುವ ಆ ಖುಷಿ! ಒಳಗಿನ ಉಷ್ಣತೆ ಎಷ್ಟನ್ನು ದಾಟಿ ಏರಿದರೆ ಅಲಾರಂ ಹೊಡೆಯಬೇಕು? ಮೈನಸ್ ಹದಿನೈದು. ತಕ್ಷಣ ಹೊಡೆಯಬೇಕೋ, ಸ್ವಲ್ಪ ಕಾಯಬೇಕೋ? ಕಾಯಲಿ, ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಕಿರುಚುತ್ತದೆ. ಎಷ್ಟು ಹೊತ್ತಿಗೊಮ್ಮೆ ಅಂಕಿ ಕಳಿಸಬೇಕು? ಪದೇ ಪದೇ ಕಳಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದಂತೆ. ನಾನೋ ಮಹಾ ಜಿಪುಣಿ, ಅರ್ಧ ಗಂಟೆಗೊಮ್ಮೆ ಸಾಕು ಎಂದು ಒತ್ತಿಬಿಟ್ಟೆ.

ಜಗಳ ಹತ್ತಿಕೊಂಡದ್ದು ಕೊನೆಯ ಪುಟದಲ್ಲಿ. ಅಲಾರಂ ಮೊದಲು ಯಾರ ಫೋನಿಗೆ ಹೋಗಬೇಕು? ಅವರು ಎತ್ತದಿದ್ದರೆ ಮಾತ್ರ ಅದು ಮುಂದಿನ ನಂಬರಿಗೆ ಹೋಗುತ್ತದೆ.

"ನಂದು ಮೊದ್ಲು," ಎಂದಳು ಅಕ್ಕ.

"ನೀನು ಮಲಗ್ಲಿ ಅಂತಾನೇ ಇದನ್ನ ತಂದಿರೋದು ಮಾರಾಯ್ತಿ!"

"ಮೊದ್ಲು ಅಂದ್ರೆ ಮೊದ್ಲು. ಹಾಕು."

ಹಾಕಿದೆ. ಎರಡನೆಯದು ನನ್ನದು, ಮೂರನೆಯದು ನಮ್ಮ ಮಿಷಿನ್ ನೋಡಿಕೊಳ್ಳುತ್ತಿದ್ದ ರಾಯಚೂರು ಕಡೆಯ ಅಣ್ಣನದು. ಅವರು ಶೆಡ್ಡಿನ ಪಕ್ಕದಲ್ಲೇ ಬಾಡಿಗೆ ಕೋಣೆಯಲ್ಲಿದ್ದರು, ಶೆಡ್ಡಿನ ಇನ್ನೊಂದು ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಆಮೇಲೆ ಆದದ್ದೇನು? ಅಕ್ಕ ಶೆಟರಿಗೆ ಕಿವಿ ಇಡುವುದನ್ನು ಬಿಟ್ಟು, ಫೋನನ್ನು ದಿಂಬಿನ ಮೇಲಿಟ್ಟುಕೊಂಡು ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡಿರುವುದನ್ನು ಶುರು ಮಾಡಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆಯುಧಪೂಜೆ ಬಂತು. ಮಾರನೆಯ ದಿನ ವಿಜಯದಶಮಿಗೆ ಬ್ರೂಕ್‌ಫೀಲ್ಡ್‌ನ ಒಂದು ಗೃಹಪ್ರವೇಶಕ್ಕೆ ಸೀತಾಫಲದ ಐಸ್‌ಕ್ರೀಮ್ ಹೋಗಬೇಕಿತ್ತು. ಆ ಬೇಸಿಗೆಯ ಪಾಯಸದ ನಂತರ ನಮ್ಮನ್ನು ನಂಬಿ ಬಂದ ಮೊದಲ ದೊಡ್ಡ ಆರ್ಡರ್ ಅದು. ಕೋಲ್ಡ್ ರೂಮ್ ತುಂಬಿತ್ತು. ಬೆಳಗ್ಗೆ ಎಲ್ಲವನ್ನೂ ತೊಳೆದು, ಒರೆಸಿ, ಅಕ್ಕ ವಿಭೂತಿ ಹಿಡಿದು ಹೊರಟಳು. ಕಂಪ್ರೆಸರಿಗೆ ಮೂರು ಪಟ್ಟೆ, ಮಿಕ್ಸರಿಗೆ ಮೂರು ಪಟ್ಟೆ, ನನ್ನ ಸೆನ್ಸರಿಗೂ ಪುಟಾಣಿ ಮೂರು ಪಟ್ಟೆ! ಒದ್ದೆ ಕೈಗೆ ಶಾಕ್ ಹೊಡೆಯದಿರಲೆಂದು ಕಂಪ್ರೆಸರಿನ ಸ್ವಿಚ್ ಆರಿಸಿ, ಅದರ ಮೇಲೆ ಸೇವಂತಿಗೆ ಹಾರ ಇಳಿಬಿಟ್ಟಳು. ಅಣ್ಣ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಪೂಜೆಯಾದ ಮೇಲೆ ಆಯುಧ ಮುಟ್ಟುವಂತಿಲ್ಲ, ಇದು ಯಾರಿಗೆ ಗೊತ್ತಿಲ್ಲ? ಶೆಟರ್ ಎಳೆದು, ಹೋಳಿಗೆ ಊಟಕ್ಕೆ ಜಾಲಹಳ್ಳಿಗೆ ಬಂದೆವು.

ಎರಡನೇ ಹೋಳಿಗೆಗೆ ತುಪ್ಪ ಹಾಕುವಾಗ ಅಕ್ಕನ ಫೋನು ಬಡಿದುಕೊಂಡಿತು. ಕೋಲ್ಡ್ ರೂಮಿನ ಅಲಾರಂ!

"ವಿಭೂತಿ ಹಚ್ಚಿದ್ಯಲ್ಲ, ಅದಕ್ಕೆ ಸೆನ್ಸರಿಗೆ ತಲೆ ಕೆಟ್ಟಿರ್ಬೇಕು," ಎಂದು ಅವಳನ್ನು ಸಮಾಧಾನ ಮಾಡುತ್ತಲೇ, ಬಂದ ಅಂಕಿಗಳನ್ನು ಚುಕ್ಕೆ ಇಟ್ಟು ಗೆರೆ ಎಳೆದು ತೋರಿಸುವ ಪುಟ ತೆರೆದೆ. ಬಾಗಿಲು ತೆಗೆದಾಗ ಗೆರೆ ಏರಿ, ಮತ್ತೆ ಇಳಿಯುತ್ತದೆ. ಇದು ಬೆಳಗ್ಗೆಯಿಂದ ಏರುತ್ತಲೇ ಇತ್ತು, ಒಮ್ಮೆಯೂ ಇಳಿದಿರಲಿಲ್ಲ. ಅಂದರೆ ಒಳಗೆ ಚಳಿ ಹುಟ್ಟುತ್ತಲೇ ಇರಲಿಲ್ಲ!

"ಪೂಜೆಗೆ ಸ್ವಿಚ್ ಆರಿಸಿದ್ನಲ್ಲೇ," ಎಂದಳು ಅಕ್ಕ. "ಹಾಕಿದ್ಯಾರು?"

ಯಾರೂ ಹಾಕಿರಲಿಲ್ಲ! ಅಣ್ಣನಿಗೆ ಫೋನ್ ಮಾಡಿದೆ. "ಅಕ್ಕಾರ, ಪೂಜಿ ಮಾಡಿದ್ದು ನಾಳಿತನಕ ಮುಟ್ಟಬಾರದ್ರೀ," ಎಂದು ಅವರು ರಾಗ ಎಳೆಯುವಷ್ಟರಲ್ಲಿ ಅಕ್ಕ ತುಪ್ಪದ ಕೈಯಲ್ಲೇ ಫೋನ್ ಕಿತ್ತುಕೊಂಡಳು. "ಅಣ್ಣಾ, ಪಾಪ ಬಂದ್ರೆ ನಂಗೇ ಬರ್ಲಿ! ಓಡಪ್ಪಾ, ಹಾಕು ಸ್ವಿಚ್ಚು!"

ಓಡಿದ ಸದ್ದು, ಶೆಟರ್ ಎತ್ತಿದ ಸದ್ದು. ಆಮೇಲೆ, "ಹಾಕೀನ್ರೀ! ಗುಂಯ್ ಅನ್ನಾಕತ್ತೈತಿ! ಒಳಗ ಬಾಗ್ಲಾ ತೆಗೆದು ನೋಡ್ಲೇನ್ರೀ?"

"ಬೇಡಾ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದೆವು.

ಈಗ ಕಾಯಬೇಕು. ಮುಂದಿನ ಚುಕ್ಕೆ ಯಾವಾಗ ಬರುತ್ತದೆ? ಅರ್ಧ ಗಂಟೆಗೊಮ್ಮೆ ತಾನೆ! ನನ್ನ ಜಿಪುಣತನಕ್ಕಿಷ್ಟು ಬೆಂಕಿ ಹಾಕ! ಐದು ನಿಮಿಷಕ್ಕೊಮ್ಮೆ ಎಂದು ಬದಲಾಯಿಸಿ ಒತ್ತಿದರೆ, ಸೆನ್ಸರು ಮುಂದಿನ ಸಲ ಅಂಕಿ ಕಳಿಸುವಾಗಲೇ ಹೊಸ ಆಜ್ಞೆ ಪಡೆಯುತ್ತದೆ ಎಂದು ತೋರಿಸಿತು. ಹೋಳಿಗೆ ಎಲೆಯಲ್ಲೇ ಒಣಗಿತು. ಅಕ್ಕ ಶೆಡ್ಡಿನ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಚುಕ್ಕೆ ಬಂತು. ಕೆಳಗೆ! ಕೂದಲೆಳೆಯಷ್ಟೇ, ಆದರೂ ಕೆಳಗೆ! ಆಮೇಲೆ ಇನ್ನೊಂದು, ಇನ್ನೂ ಕೆಳಗೆ. ನಾನು ಎದ್ದು ಕುಣಿದೇಬಿಟ್ಟೆ. ಪ್ರತಿ ಚುಕ್ಕೆಗೂ "ಇಳೀತು ಕಣೇ, ಇಳೀತು!" ಎಂದು ಕೂಗುತ್ತಿದ್ದೆ. ಅಲಾರಂ ಗೆರೆ ದಾಟಿ ಚಳಿ ತನ್ನ ಜಾಗಕ್ಕೆ ವಾಪಸ್ ಬಂದಾಗ ಅಕ್ಕ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದಳು.

"ನಾವಿಬ್ರೂ ಮರೆತ್ವಿ. ಅದು ಮರೀಲಿಲ್ಲ," ಎಂದು ನೆಲದ ಮೇಲೇ ಕಾಲು ಚಾಚಿದಳು. "ಏನೇ, ಆ ಕೊನೇ ಪುಟ ತೆಗಿ."

"ಯಾವ್ದು?"

"ಜಗಳ ಆಡಿದ್ವಲ್ಲ, ಅದು. ನನ್ ನಂಬರ್ ಕೆಳಗೆ ಹಾಕು. ಅಣ್ಣನ ನಂಬರ್‌ಗಿಂತ ಕೆಳಗೆ."

ನಂಬರ್ ಇಳಿಸಿ ಸೇವ್ ಒತ್ತಿ, "ಹಾಕ್ದೆ ನೋಡೇ," ಎಂದು ತಿರುಗಿದೆ. ಹಾಡುಹಗಲಲ್ಲಿ, ಕೈ ಕೂಡ ತೊಳೆಯದೆ, ಅಕ್ಕ ಗೊರಕೆ ಹೊಡೆಯುತ್ತಿದ್ದಳು.