ಮೋಯಾರ್ ಕಮರಿಯಲ್ಲಿ ಉಳಿದ ನಾಲ್ಕು ಅಳತೆ

1950ರ ದಶಕದ ನಡುವಿನ ವರ್ಷಗಳು. ನಾನಾಗ ಗುಂಡ್ಲುಪೇಟೆಯಲ್ಲಿ ಸರ್ವೆ ಓವರ್‌ಸಿಯರ್. ಬಂಡೀಪುರ ಕಾಡಿನ ದಕ್ಷಿಣದ ಅಂಚಿನಲ್ಲಿ ಆಳವಾದ ಕಮರಿಯೊಳಗೆ ಹರಿಯುವ ಮೋಯಾರ್ ಹೊಳೆಯ ಆಳ ಅಳೆಯುವ ಕೆಲಸ ನನಗೆ ಬಿದ್ದಿತ್ತು. ಮೇಲೆ ಅಣೆಕಟ್ಟು ಬಂದಮೇಲೆ ಹೊಳೆಯ ಏರಿಳಿತವೆಲ್ಲ ಗೇಟಿನ ಕೈಯಲ್ಲಿತ್ತು. ಆ ದಿನ ಮಧ್ಯಾಹ್ನ ಎರಡರವರೆಗೆ ನೀರು ಬಿಡುವುದಿಲ್ಲವೆಂಬ ಕಾಗದ ನನ್ನ ಜೇಬಿನಲ್ಲಿತ್ತು.

ಬಿದಿರಿನ ತೆಪ್ಪ ನಡೆಸುತ್ತಿದ್ದವನು ಅಲ್ಲೇ ಕಾಡಂಚಿನ ಮದ್ದೂರಿನ ಕಡೆಯ ಮಾದಯ್ಯ, ಐವತ್ತು ದಾಟಿದವನು. ತೆಪ್ಪವನ್ನು ನಡುಹೊಳೆಯ ಬಂಡೆಗೆ ಕಟ್ಟಿದ್ದೆವು. ಚೈನ್‌ಮನ್ ಬಸಪ್ಪ ಬಂಡೆಯ ಮೇಲೆ ನಿಂತು, ಅಡಿ ಅಂಗುಲ ಬರೆದ ಮರದ ಸ್ಟಾಫ್ ಅನ್ನು ನೀರಿಗಿಳಿಸಿ ಅಂಕಿ ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.

ಹನ್ನೊಂದರ ಸುಮಾರಿಗೆ ಮಾದಯ್ಯ ಎದ್ದು ನಿಂತ.

"ಓಗನ ಸ್ವಾಮಿ. ನೀರ್ ಬಣ್ಣ ತಿರುಗ್ತಾ ಐತೆ. ಮೇಲೆ ಬುಟ್ಟವ್ರೆ."

ಅವನಿಗೆ ಓದು ಬಾರದೆಂದು ಗೊತ್ತಿದ್ದೂ ನಾನು ಕಾಗದ ತೆಗೆದು ತೋರಿಸಿದೆ. "ಇನ್ನು ನಾಲ್ಕೇ ಅಳತೆ, ಮುಗಿಸಿಬಿಡೋಣ" ಎಂದೆ.

ಒಂದನ್ನೂ ಬರೆಯಲಾಗಲಿಲ್ಲ. ನೀರು ಬಸಪ್ಪನ ಮೊಣಕಾಲಿಗೆ ಬಂದಿತ್ತು. ಮಾದಯ್ಯ ಅವನ ರಟ್ಟೆ ಹಿಡಿದು ತೆಪ್ಪಕ್ಕೆ ಎಳೆದುಕೊಂಡು ಹಗ್ಗ ಕಡಿದ. ನಾನು ಗಾಬರಿಯಲ್ಲಿ ಹುಟ್ಟು ಹಿಡಿದು ದಡದ ಕಡೆ ಎಳೆಯತೊಡಗಿದೆ.

"ದಡಕ್ಕೆ ಬ್ಯಾಡಿ! ಬಂಡೆಗೆ ಒಡ್ದೋಯ್ತೀವಿ. ನಡು ನೀರ್ಗೆ ಬುಡಿ!"

ಹುಟ್ಟು ಬಿಟ್ಟು ಬಿದಿರನ್ನು ಅಪ್ಪಿಕೊಂಡೆ. ನೊರೆಯಲ್ಲಿ ತೆಪ್ಪ ಎರಡು ಬಾರಿ ಪೂರ್ತಿ ಮುಳುಗಿ ಎದ್ದಿತು. ಒಂದು ತಿರುವಿನಲ್ಲಿ ಗೋಡೆಯಂಥ ಬಂಡೆ ಎದುರಾದಾಗ ಮಾದಯ್ಯ ತೆಪ್ಪ ನೂಕುವ ಗಳುವನ್ನು ಅಡ್ಡಕೊಟ್ಟು ತಳ್ಳಿದ. ಗಳು ಮುರಿಯಿತು, ಅವನ ಮುಂಗೈಯೂ ಮುರಿಯಿತು. ತೆಪ್ಪ ಮಾತ್ರ ತಿರುಗಿತು. ಅರ್ಧ ಮೈಲಿ ಕೆಳಗೆ ಮರಳದಿಬ್ಬವೊಂದಕ್ಕೆ ಹೋಗಿ ತಗುಲಿದೆವು. ಬಸಪ್ಪ ಅಳುತ್ತಿದ್ದ. ಮಾದಯ್ಯ ಕೈ ಎದೆಗೊತ್ತಿಕೊಂಡು ಕೂತಿದ್ದ.

ನೀಲಗಿರಿಯಲ್ಲಿ ಹಿಂದಿನ ದಿನ ಜೋರು ಮಳೆಯಾಗಿ ಗೇಟು ಬೇಗ ತೆಗೆದಿದ್ದರೆಂದು ಆಮೇಲೆ ತಿಳಿಯಿತು. ಕಾಗದ ಬರೆದವರದೂ ತಪ್ಪಿರಲಿಲ್ಲ. ಉಪಕರಣಗಳು ಕಳೆದುದಕ್ಕೆ ಕಾರಣ ಕೇಳಿದಾಗ "ತೆಪ್ಪದವನು ಎಚ್ಚರಿಸಿದರೂ ನಾನು ಕೇಳಲಿಲ್ಲ" ಎಂದು ಬರೆದುಕೊಟ್ಟೆ. ಅದನ್ನು "ಅನಿರೀಕ್ಷಿತ ಪ್ರವಾಹ" ಎಂದು ತಿದ್ದಿಕೊಡಲು ಮೇಲಿನವರು ಹೇಳಿದರು. ನಾನು ತಿದ್ದಲಿಲ್ಲ. ಆ ಪ್ರವಾಹ ನಮ್ಮಲ್ಲೊಬ್ಬನಿಗೆ ಅನಿರೀಕ್ಷಿತವಾಗಿರಲಿಲ್ಲ.

ನಿವೃತ್ತನಾಗುವವರೆಗೂ ನನ್ನ ಕ್ಯಾಂಪಿನಲ್ಲಿ ಒಂದು ಕಟ್ಟಳೆಯಿತ್ತು: ನೀರಿನಲ್ಲಿರುವಾಗ ಯಾರು "ಸಾಕು" ಎಂದರೂ ಕೆಲಸ ನಿಲ್ಲಬೇಕು, ಕಾರಣವನ್ನು ದಡ ಸೇರಿದ ಮೇಲೆ ಕೇಳಬೇಕು.