ಏಳು ಜೇಬಿನ ಫ್ರಾಕು
ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಿರುವ ನಮ್ಮಪ್ಪ ಟೈಲರು. ಮೊಮ್ಮಗಳನ್ನು ಮುದ್ದು ಮಾಡಿ ಹಾಳು ಮಾಡುವುದರಲ್ಲಂತೂ ಅವನಷ್ಟು ಪಳಗಿದ ಕಸುಬುದಾರ ಇನ್ನೊಬ್ಬನಿಲ್ಲ. ನನ್ನ ಮಗಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಚಾಚಿ ಕೂತು ಅಪ್ಪಣೆ ಕೊಟ್ಟರೆ ಸಾಕು, ಕಾದು ನಿಂತ ಗಿರಾಕಿಯ ಪ್ಯಾಂಟು ಪಕ್ಕಕ್ಕೆ ಸರಿದು ಅವಳ ಗೊಂಬೆಗೆ ಕೋಟು ಸಿದ್ಧವಾಗುತ್ತದೆ. ಅಮ್ಮ ಇದನ್ನು ಸದರ ಎನ್ನುತ್ತಾಳೆ, ಪಕ್ಕದ ಮನೆಯಾಕೆ ಅತಿಮುದ್ದು ಎನ್ನುತ್ತಾಳೆ, ನಾನು "ತಲೆ ಮೇಲೆ ಕೂರಿಸ್ಕೊಂಡಿದ್ದೀಯ" ಎಂದು ಬಯ್ಯುತ್ತೇನೆ. ಅಪ್ಪ ತುಟಿಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆದು, "ಇನ್ನೂ ಏನಾದ್ರೂ ಹೆಸರಿದ್ರೆ ಹೇಳ್ಬಿಡಿ, ಎಲ್ಲಾನೂ ಒಪ್ಕೋತೀನಿ" ಎನ್ನುತ್ತಾನೆ. ಮೊನ್ನೆ ಅವಳ ಫ್ರಾಕಿಗೆ ಏಳನೇ ಜೇಬು ಹೊಲಿಯುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. "ಚಿಕ್ಕೋಳಿದ್ದಾಗ ನಾನು ಒಂದೇ ಒಂದು ಜೇಬು ಕೇಳಿದ್ದೆ. ಬಟ್ಟೆ ಸಾಲಲ್ಲ ಹೋಗೇ ಅಂತ ಓಡಿಸಿದ್ದೆ ನೀನು" ಎಂದೆ. ಅಪ್ಪ ಏಳನೇ ಜೇಬಿನ ಹೊಲಿಗೆ ಮುಗಿಸಿ ದಾರ ಕತ್ತರಿಸಿದ. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟು ಕುರ್ತಾ ತೊಟ್ಟರೆ, ಅದಕ್ಕೊಂದು ಬಣ್ಣಗೆಟ್ಟ ನೀಲಿ ಜೇಬು ಬಂದಿತ್ತು. ಈ ಬಟ್ಟೆ ಎಲ್ಲಿಂದ ತಂದೆ ಎಂದು ಕೇಳಲು ಅಂಗಡಿಗೆ ಹೋದೆ. ಅಪ್ಪ ಯಾರದೋ ಭುಜ ಅಳೆಯುತ್ತಿದ್ದ. ತೊಳೆದು ತೊಳೆದು ಬಿಳಚಿಕೊಂಡ ಅವನ ನೀಲಿ ಅಂಗಿಯ ಎದೆಯ ಮೇಲೆ, ಜೇಬಿದ್ದಷ್ಟು ಜಾಗದಲ್ಲಿ ಮಾತ್ರ ಬಣ್ಣ ಹೊಸದರಂತೆ ಹಾಗೇ ಉಳಿದಿತ್ತು.